ಕೂಸಿಗೋ, ನಮಗೋ?

ಕೂಸು ಅತ್ತರೆ ಅಲಕಾ ಸಿಸ್ಟರ್ ಹೆದರುವುದಿಲ್ಲ, ಸುಮ್ಮನಾದರೆ ಹೆದರುತ್ತಾರೆ. ಕೊಲ್ಹಾಪುರದ ಒಂದು ಆಸ್ಪತ್ರೆಯ ನವಜಾತ ಶಿಶುಗಳ ಐಸಿಯುನಲ್ಲಿ ಇಪ್ಪತ್ತೆರಡು ವರ್ಷ ಕಳೆದಿರುವ ಈ ಉದಗಾಂವದ ಜೈನರ ಮಗಳು, ಎಡಹಿಮ್ಮಡಿ ಸವೆದ ಬಿಳಿ ಬೂಟಿನಲ್ಲಿ ಕೊಂಚ ವಾಲಿ ನಡೆಯುತ್ತ, ಅಳುವ ಕೂಸುಗಳನ್ನು ದಾಟಿ ಮೊದಲು ಸದ್ದಿಲ್ಲದೆ ಮಲಗಿದ ಕೂಸಿನ ಬಳಿಗೇ ಹೋಗುತ್ತಾರೆ.

ನಸುಕಿನಲ್ಲಿ ಎದ್ದು ಅತ್ತೆಗೆ ಕಾಯಿಸಿ ಆರಿಸಿದ ನೀರು, ಗಂಡ ಅಭಯಕುಮಾರರಿಗೆ ಡಬ್ಬಿ, ಎಲ್ಲವನ್ನೂ ಕಣ್ಣಳತೆಯಲ್ಲೇ ಮುಗಿಸಿ ಬಸ್ಸು ಹತ್ತುವ ಅದೇ ಕೈ, ಇಲ್ಲಿ ನಿದ್ದೆಯ ಔಷಧದ ಒಂದು ಹನಿಯನ್ನೂ ಅಂದಾಜಿಗೆ ಬಿಡುವುದಿಲ್ಲ. ಅಂದಿನ ತೂಕಕ್ಕೆ ತಾವು ಲೆಕ್ಕ ಹಾಕಿ, ಇನ್ನೊಬ್ಬ ನರ್ಸಿನಿಂದ ಬೆನ್ನು ತಿರುಗಿಸಿ ಬೇರೆಯಾಗಿ ಹಾಕಿಸಿ, ಎರಡೂ ಒಂದೇ ಬಂದ ಮೇಲೆಯೇ ಸಿರಿಂಜ್ ತುಂಬುವುದು. ಅದಕ್ಕೂ ಮೊದಲು ಡಾಕ್ಟರರಿಗೆ ತಪ್ಪದ ಪ್ರಶ್ನೆ: "ಇದು ಕೂಸಿಗೋ ಸರ್, ನಮಗೋ?" ಕೂಸಿನ ನೋವಿಗೆ, ಫಿಟ್ಸಿಗೆ ಆದರೆ ಸರಿ, ನಮ್ಮ ಕಿವಿಗಾದರೆ ಬೇಡ. ಹೊತ್ತು ಮುಳುಗುವ ಮುಂಚೆ ಊಟ ಮುಗಿಸುವ ಅವರ ನೇಮ ಕಂಡು ಕಿರಿಯ ನರ್ಸುಗಳು ನಗುತ್ತಾರೆ: "ಅಲಕಾತಾಯಿ ಸೂರ್ಯಾನ್ನೂ ಎರಡೆರಡ ಸಲ ಚೆಕ್ ಮಾಡ್ತಾರ!"

ನಾನು ಅವರನ್ನು ಕಂಡದ್ದು ದುಂಡವ್ವನ ಜೊತೆ ಹೋದಾಗ. ದುಂಡವ್ವ ಗಡಹಿಂಗ್ಲಜದ ನಮ್ಮ ಮನೆಯಲ್ಲಿ ಮೂವತ್ತು ವರ್ಷ ಮುಸುರೆ ತಿಕ್ಕಿದಾಕೆ. ಆಕೆಯ ಸೊಸೆ ಕಾಜಲಳ ಕೂಸು ಹುಟ್ಟುವಾಗಲೇ ಉಸಿರುಗಟ್ಟಿ, ಫಿಟ್ಸ್ ಬಂದು ಇಲ್ಲಿ ಸೇರಿತ್ತು. ಆರನೆಯ ದಿನದ ಹೊತ್ತಿಗೆ ಫಿಟ್ಸ್ ನಿಂತು, ಅದಕ್ಕೆ ಕೊಡುತ್ತಿದ್ದ ನಿದ್ದೆಯ ಔಷಧ ಇಳಿಸುತ್ತ ಬಂದಿದ್ದರು. ಮಧ್ಯಾಹ್ನ ಎರಡರ ಡೋಸಿಗೆ ಮುನ್ನ ಅಲಕಾ, ಎದುರಿಗೆ ಮಾನಿಟರ್ ಇದ್ದರೂ, ಕೂಸಿನ ಹೊಟ್ಟೆ ನೋಡುತ್ತ ಪೂರ್ತಿ ಒಂದು ನಿಮಿಷ ಉಸಿರೆಣಿಸಿದರು. ಅಂಗಾಲನ್ನು ಉಗುರಿನಿಂದ ಮೆಲ್ಲಗೆ ಗೀರಿದರು. ಕಾಲು ಅಲುಗಲಿಲ್ಲ.

"ಛಲೋ ಮಲಗೈತಲ್ರಿ ಸಿಸ್ಟರ್, ಆರ್ಡರ್ ಬರದೇನಿ, ಕೊಡ್ರಿ," ಎಂದರು ತರುಣ ಡಾಕ್ಟರ್ ನಿಖಿಲ.

"ಇದು ನಿದ್ದಿ ಅಲ್ರಿ ಸರ್. ನಾ ಕೊಡೂದಿಲ್ಲ. ನೀವ ಬಂದ ಉಸುರ ನೋಡ್ರಿ."

ಅವರು ಬಗ್ಗಿ ನೋಡುತ್ತಿರುವಾಗಲೇ ಉಸಿರು ನಿಂತಿತು. ನಿಖಿಲ ಮಾಸ್ಕ್ ಇಟ್ಟು ಗಾಳಿ ಒತ್ತತೊಡಗಿದರು. ಕೂಸಿನ ತುಟಿ ಮತ್ತೆ ಕೆಂಪಾದ ಮೇಲೆ ಅಲಕಾ, ಹನ್ನೆರಡಕ್ಕೆ ಕೂಸಿಗೆ ಕುಡಿಸಲೆಂದು ದುಂಡವ್ವ ತಂದುಕೊಟ್ಟಿದ್ದ ಕಾಜಲಳ ಎದೆಹಾಲಿನ ಖಾಲಿ ವಾಟಿಯನ್ನು ಎತ್ತಿ ಮೂಸಿದರು. ಜಾಜಿಕಾಯಿ.

ಹೊರಗೆ ಬಂದವರ ದನಿಯಲ್ಲಿ ಸಿಟ್ಟಿರಲಿಲ್ಲ. "ಆಯಿ, ಎಷ್ಟ ಸುತ್ತ ತೇಯ್ದ್ರಿ?"

"ನಾಕs ಸುತ್ತ ರೀ. ಅಲ್ಲೆ ಅದು ಅತ್ತರ ಇಲ್ಲೆ ಇಕಿ ಕಾಜಲ ಎದ್ದ ಕುಂದರತಾಳ. ಆರ ದಿನಾ ಆತು, ಕಣ್ಣ ಮುಚ್ಚಿಲ್ಲ. ಇಬ್ಬರೂ ಮಲಗ್ಲಿ ಅಂತ ಹಾಲಾಗ ಕಲಸಿದ್ನಿರಿ." ಆಮೇಲೆ ನನ್ನತ್ತ ತಿರುಗಿದಳು: "ಅಕ್ಕಾರ, ನೀವು ಬರಕೋತ ಕುಂತಾಗ ನಿಮ್ಮ ಮನಾಲಿಗೂ ಇದನ್ನs ತೇಯ್ತಿದ್ನಲ್ರಿ, ಏನಾರ ಆತೇನು?"

ನನಗೆ ಗೊತ್ತಿರಲಿಲ್ಲ. ನನ್ನ ಮಗಳು ಮನಾಲಿಯದು ಕೂಸಿದ್ದಾಗಿಂದಲೂ ತಣ್ಣನೆ ಸ್ವಭಾವವೆಂದೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ.

"ನಿದ್ದಿ ಬೇಕಾಗಿದ್ದು ಕೂಸಿಗಲ್ಲ ಆಯಿ, ನಿಮ್ಮ ಸೊಸಿಗೆ," ಎಂದು ಅಲಕಾ ಕಾಜಲಳನ್ನು ಕರೆದೊಯ್ದು ತಾವು ವಿಶ್ರಾಂತಿ ಪಡೆಯುವ ಕಾಟಿನ ಮೇಲೆ ಮಲಗಿಸಿ ಪರದೆ ಎಳೆದರು. ಆ ವಾರವೇ ಘಟಕದ ಹಾಳೆಯಲ್ಲಿ ಔಷಧಗಳ ಕೆಳಗೆ ಒಂದು ಸಾಲು ಸೇರಿತು: ಮನೆಯವರು ಏನು ಕೊಟ್ಟಿದ್ದಾರೆ? ಬೈಯದೆ ಕೇಳಬೇಕೆಂಬುದು ಅಲಕಾರ ಕಟ್ಟಳೆ.

ಮರುದಿನ ಮಧ್ಯಾಹ್ನ ಅಂಗಾಲು ಗೀರಿದಾಗ ಕಾಲು ಚಟ್ಟನೆ ಹಿಂದೆ ಹೋಯಿತು. ಅದರ ಹಿಂದೆಯೇ ಅಳು ಬಂತು. ಅಲಕಾ ಕೂಸನ್ನು ಎತ್ತಿ, ಮೈಬಿಸಿ ತಾಗಲೆಂದು ದುಂಡವ್ವನ ಬರಿಯ ಎದೆಗೆ ಒರಗಿಸಿದರು.

"ಅಳಾಕತ್ತೈತ್ರಿ ಬಾಯಾರ!"

"ಅಳ್ಳಿ ಬಿಡ್ರಿ. ಕೇಳಾಕ ನಾವ ಅದೇವಲ್ಲ."

ಕೈಗೆಲಸ ಸಾಗಲೆಂದು ಮಕ್ಕಳನ್ನು ಮಲಗಿಸುತ್ತಲೇ ಬಂದ ಹೆಂಗಸರ ನಡುವಿನಿಂದಲೇ ಅಲಕಾ ಸಿಸ್ಟರಂಥವರೂ ಬರುತ್ತಾರೆ. ಅವರಿಗೂ ಒಲೆಯಿದೆ, ತಪ್ಪಿಹೋಗುವ ಬಸ್ಸಿದೆ, ಸದ್ದಿಲ್ಲದ ಒಂದು ಗಂಟೆಯ ಆಸೆಯಿದೆ. ಆದರೂ ಇಂಥವರು, ತಮಗೆ ಸಿಕ್ಕ ನೆಮ್ಮದಿಯನ್ನು ನಂಬುವ ಮೊದಲು, ಬಗ್ಗಿ ಅದರ ಉಸಿರೆಣಿಸುತ್ತಾರೆ.