ನಾಲಿಗೆಯಮ್ಮನ ಹ್ಞೂಂ

ಗೋದಾಮಿನಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ನಾಲಿಗೆಯಮ್ಮ ಎಂದೇ. ಮೂಟೆ ಬಿಚ್ಚಿದಾಗ ಒಂದು ಒಣಹಣ್ಣು ಅಗಿದು, ಒಂದು ಗುಟುಕು ನೀರು ಕುಡಿದು ಅವಳು ಹ್ಞೂಂ ಎಂದರೆ ಮಾತ್ರ ಸರಕು ಒಳಗೆ. ಅಸಲಿ ಒಗರುಹಣ್ಣಾದರೆ ನೀರು ಬಿದ್ದೊಡನೆ ಬಾಯೆಲ್ಲ ಸಿಹಿ. ನೋಡಲು ಥೇಟ್ ಅದರಂತೆಯೇ ಇರುವ ಹುಸಿಹಣ್ಣು ಎಷ್ಟು ನೀರು ಕುಡಿದರೂ ಕಹಿ. ಹೊಟ್ಟೆಗೆ ಹೋದರೆ ಕರುಳು ಹಿಂಡುತ್ತದೆ.

ಅಜ್ಜಿಯರು ಕೆಮ್ಮಿಗೆಂದು ತೇಯ್ದು ಚೂರೇ ಚೂರು ನೆಕ್ಕಿಸುತ್ತಿದ್ದ ಒಗರುಹಣ್ಣಿಗೆ ಈಗ ಎಲ್ಲಿಲ್ಲದ ಯೋಗ. ಪುಡಿಯಂತೆ, ಜ್ಯೂಸಂತೆ, ಜಿಮ್ಮಿಗೆ ಹೋಗುವವರಿಗೆ ಉಂಡೆಯಂತೆ. ಗುರುತುಪರಿಚಯವಿಲ್ಲದ ಕಡೆಗಳಿಂದೆಲ್ಲ ಮೂಟೆ ಬರತೊಡಗಿದ್ದವು. ಸರಿಯಾಗಿ ಇದೇ ಹೊತ್ತಿಗೆ, ಹೋದ ತಿಂಗಳ ಜ್ವರದಲ್ಲಿ, ನಾಲಿಗೆಯಮ್ಮನ ನಾಲಿಗೆ ಸತ್ತುಹೋಗಿತ್ತು. ಉಪ್ಪೂ ಒಂದೇ, ಸಕ್ಕರೆಯೂ ಒಂದೇ.

ಅವಳು ಯಾರ ಮುಂದೆಯೂ ಉಸಿರೆತ್ತಿರಲಿಲ್ಲ. ಗಂಡ ಹಾಸಿಗೆ ಹಿಡಿದಿದ್ದ ಮನೆ ಈ ನಾಲಿಗೆಯ ಮೇಲೆಯೇ ನಡೆಯುತ್ತಿತ್ತು. ಲಾರಿಯವನ ಬಾಯಿಗೊಂದು ಹಣ್ಣು ಹಾಕಿ, ಅವನ ಮುಖ ನೋಡಿ ಹ್ಞೂಂ ಎನ್ನುತ್ತಿದ್ದಳು. ಅವನೋ, ಸದಾ ಬಾಯಲ್ಲಿ ಹೊಗೆಸೊಪ್ಪು; ಕಲ್ಲು ಕೊಟ್ಟರೂ ಚೆನ್ನಾಗಿದೆ ಎನ್ನುವ ಆಸಾಮಿ.

ಇವತ್ತು ಯಜಮಾನರು ತಾವೇ ಬಂದರು, ಕೈಯಲ್ಲೊಂದು ಸ್ಟೀಲ್ ಡಬ್ಬಿ.

"ಹೋದ ಸಲ ಕೊಟ್ಟವರ ಮೂಟೇನೇ ತಾನೆ ಇದು?"

"ಹೌದು, ಅವರದೇ."

"ಮೊಮ್ಮಗಳಿಗೆ ಹೊಟ್ಟೆನೋವು, ಒಂದೇ ಸಮನೆ ಅಳ್ತಾಳೆ. ಹೋದ ಸಲದ್ದನ್ನ ಜೇನಲ್ಲಿ ಕಲಸಿ ದಿನಾ ಕೊಡ್ತಿದ್ವಿ, ಮುಗಿದುಹೋಯ್ತು. ಇದರಲ್ಲೊಂದು ಹಿಡಿ ಒಯ್ತೀನಿ. ಇದಕ್ಕಿಂತ ಒಳ್ಳೆ ಮದ್ದು ಬೇಕಾ?"

ಅವಳು ಮೂಟೆ ಬಿಚ್ಚಿದಳು. ಹಣ್ಣು ಅಗಿದಳು, ನೀರು ಕುಡಿದಳು. ಮತ್ತೊಂದು ಅಗಿದಳು. ಬಾಯಲ್ಲಿ ಬರೀ ಹೊಟ್ಟು. ಯಜಮಾನರು ಡಬ್ಬಿಯ ಮುಚ್ಚಳ ತೆಗೆದು ನಿಂತಿದ್ದರು.

"ಹ್ಞೂಂ ಅನ್ನಿ ಅಮ್ಮ, ಮಗು ಕಾಯ್ತಿದೆ."

"ನನಗೆ ರುಚಿ ಗೊತ್ತಾಗಲ್ಲ ಯಜಮಾನ್ರೆ."

"ತಮಾಷೆ ಮಾಡೋ ಹೊತ್ತಾ ಇದು?"

"ಜ್ವರ ಬಂದಾಗಿಂದ ಗೊತ್ತಾಗ್ತಿಲ್ಲ. ಹೋದ ಸಲಾನೂ ಗೊತ್ತಾಗಿರಲಿಲ್ಲ. ಮಗೂಗೆ ಕೊಡಬೇಡಿ."

ಯಜಮಾನರು ಡಬ್ಬಿ ಮುಚ್ಚಿದರು. ಮೂಟೆಗೆ ಕೈಹಾಕಿ ಒಂದು ಹಣ್ಣು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. ಅವಳ ಚೊಂಬನ್ನೇ ಎತ್ತಿ ಒಂದು ಗುಟುಕು ನೀರು ಕುಡಿದರು. ಅವಳು ರೆಪ್ಪೆ ಬಡಿಯದೆ ಅವರ ಮುಖವನ್ನೇ ನೋಡುತ್ತ ನಿಂತಳು. ಸಿಹಿಯಾಗಲಿ ದೇವರೇ, ಆಮೇಲೆ ಬೇಕಾದರೆ ಕುತ್ತಿಗೆ ಹಿಡಿದು ಹೊರಗೆ ದಬ್ಬಲಿ ಎಂದುಕೊಂಡಳು.

ಅವರು ಚೊಂಬನ್ನು ಕೆಳಗಿಟ್ಟರು. ಮುಖ ಕಿವುಚಿ, ಮತ್ತೆ ಅದಕ್ಕೇ ಕೈಹಾಕಿದರು.