ತೊಡೆಯ ಮೇಲಿನ ಕೋಟು

ಫೆರ್ಮಿನ್ ಎಸ್ಕಾರ್ತಿನ್ ಯಾವ ಕೋಣೆಗೆ ಬಂದರೂ ಕೋಟನ್ನು ಗೂಟಕ್ಕೆ ತಗುಲಿಹಾಕುತ್ತಿರಲಿಲ್ಲ. ಬಿಚ್ಚಿ, ಎರಡಾಗಿ ಮಡಿಸಿ, ನಿದ್ದೆಹೋದ ಬೆಕ್ಕನ್ನು ಇಟ್ಟುಕೊಂಡವನಂತೆ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದ. ಸಾರಗೋಸಾದ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದಾಗಲೂ, ಮ್ಯಾಡ್ರಿಡ್‌ನಲ್ಲಿ ಮಂತ್ರಿಯಾಗಿದ್ದಾಗಲೂ, ಆಮೇಲೆ ವಿದ್ಯುತ್ ಕಂಪನಿಯೊಂದರ ಆಡಳಿತ ಮಂಡಳಿಯಲ್ಲಿ ಕೂತಾಗಲೂ ಮೊಣಕೈ ಸವೆದು ಹೊಳೆಯುತ್ತಿದ್ದ ಅದೇ ಹಸಿರು ಉಣ್ಣೆಯ ಕೋಟು. ನಮ್ಮೂರ ಗಾಳಿಯನ್ನು ಬಲ್ಲವನು ಒಳ್ಳೆಯ ಕೋಟನ್ನು ಬದಲಿಸುವುದಿಲ್ಲ ಎನ್ನುತ್ತಿದ್ದ. ಒಳಗೆ ಗಾಳಿಯಿಲ್ಲವಲ್ಲ ಎಂದರೆ ಅದರ ಕಾಲರನ್ನು ಸವರುತ್ತಿದ್ದ.

ಹೋದ ಕಡೆಯಲ್ಲೆಲ್ಲ ಅವನನ್ನು ಅವನು ಬಿಟ್ಟುಬಂದ ಕೆಲಸದ ಹೆಸರಿನಿಂದಲೇ ಕರೆದರು. ಮಂತ್ರಾಲಯದಲ್ಲಿ ಬೆನ್ನ ಹಿಂದೆ ‘ಮೇಷ್ಟ್ರು’ ಎಂದು ಆಡಿಕೊಂಡರು. ಕಂಪನಿಯಲ್ಲಿ ‘ಮಂತ್ರಿಗಳೇ’ ಎಂದು ತಲೆಬಾಗಿದರು. ನಮ್ಮಲ್ಲಿ ಒಮ್ಮೆ ಮಂತ್ರಿಯಾದವನು ಸಾಯುವವರೆಗೂ ಮಂತ್ರಿಯೇ. ಇಷ್ಟೆಲ್ಲ ಆಗಿ, ಕಾನೂನಿನ ಪ್ರಕಾರ ಅವನಿಗೆಂದೇ ಕಾದಿದ್ದ ಪ್ರಾಧ್ಯಾಪಕ ಪೀಠಕ್ಕೆ ಮರಳಿದಾಗ ವಿದ್ಯಾರ್ಥಿಗಳು ‘ಕರೆಂಟಿನವನು ಬಂದ’ ಎಂದರು.

ಅವನಿಗೆಂದು ಕಾಯದೆ ಇದ್ದ ಜಾಗ ಒಂದೇ: ಎಬ್ರೊ ನದಿಯ ದಂಡೆಯ ಕೆಫೆಯಲ್ಲಿ ನಮ್ಮ ಗುರುವಾರದ ಇಸ್ಪೀಟು ಮೇಜು. ಊಟ ಮುಗಿಸಿ, ಕಾಫಿ ತರಿಸಿಕೊಂಡು ನಾಲ್ವರು ಗಿನ್ಯೋತೆ ಆಡುತ್ತಿದ್ದೆವು. ಔಷಧದ ಅಂಗಡಿಯ ಎಲಾದಿಯೊ ಮತ್ತು ಶಾಲೆಯಲ್ಲಿ ಪಾಠ ಹೇಳುವ ವಿಸಿತಾ ಒಂದು ಜೋಡಿ, ನಾನು ಮತ್ತು ಫೆರ್ಮಿನ್ ಇನ್ನೊಂದು. ಅವನು ಮ್ಯಾಡ್ರಿಡ್‌ಗೆ ಹೋದ ಮೇಲೆ ಎಲಾದಿಯೊನ ಭಾವಮೈದುನ ಆ ಕುರ್ಚಿಯಲ್ಲಿ ಕೂತ, ಮತ್ತೆ ಏಳಲಿಲ್ಲ.

ಏಳಿಸಲು ವಿಸಿತಾಳೂ ಬಿಡುತ್ತಿರಲಿಲ್ಲ. ಮಂತ್ರಿಯಾಗಿದ್ದಾಗ ಫೆರ್ಮಿನ್ ಪಿಂಚಣಿಯ ಏರಿಕೆಯನ್ನು ತಡೆಹಿಡಿದಿದ್ದ. ಸಕ್ಕರೆ ಕಾರ್ಖಾನೆಯಲ್ಲಿ ದುಡಿದು ಮುಪ್ಪಾಗಿದ್ದ ವಿಸಿತಾಳ ತಾಯಿ ಆ ಚಳಿಗಾಲದಲ್ಲಿ ಅಡುಗೆಯ ಹೊತ್ತಿಗೆ ಅಡುಗೆಮನೆಯ ಒಲೆಯೊಂದನ್ನು ಬಿಟ್ಟು, ಮನೆ ಬೆಚ್ಚಗಿಡಲು ಬೇರೆ ಯಾವುದನ್ನೂ ಹೊತ್ತಿಸಲಿಲ್ಲ. ವಿದ್ಯಾರ್ಥಿಯಾಗಿದ್ದಾಗ ಅದೇ ಅಡುಗೆಮನೆಯಲ್ಲಿ ಕೂತು ಫೆರ್ಮಿನ್ ಸೊಪ್ಪು, ಆಲೂಗಡ್ಡೆ ಬೇಯಿಸಿದ ಪಲ್ಯವನ್ನು ಎರಡೆರಡು ಸಲ ಬಡಿಸಿಕೊಂಡು ತಿಂದಿದ್ದ. ಬೇರೆ ದಾರಿ ಇರಲಿಲ್ಲ ಎಂದು ಪಾರ್ಲಿಮೆಂಟಿನಲ್ಲಿ ವಾದಿಸಿದವನು ಅವಳೆದುರು ಒಮ್ಮೆಯೂ ಹಾಗೆ ವಾದಿಸಲಿಲ್ಲ.

ಆದರೂ ಊರಿಗೆ ಮರಳಿದ ಮೇಲೆ ಪ್ರತಿ ಗುರುವಾರ ಬರುತ್ತಿದ್ದ. ಮೇಜಿನಿಂದ ತುಸು ದೂರದಲ್ಲಿ, ತೊಡೆಯ ಮೇಲೆ ಕೋಟು ಇಟ್ಟುಕೊಂಡು ಆಟ ನೋಡುತ್ತಿದ್ದ. ನೋಡುವವರು ಕಲ್ಲಾಗಿರಬೇಕು ಎನ್ನುವುದು ನಮ್ಮ ಇಸ್ಪೀಟಿನ ಹಳೆಯ ಕಟ್ಟಳೆ. ಒಮ್ಮೆ ನಾನು ತಪ್ಪು ಎಲೆ ಇಳಿಸಿದಾಗ ಅವನ ಬಾಯಿಂದ ‘ಅಯ್ಯೋ’ ಎಂದು ಹೊರಟಿತು.

“ಮಂತ್ರಿಗಳೇ, ಕಲ್ಲು ಮಾತಾಡಲ್ಲ,” ಎಂದಳು ವಿಸಿತಾ, ಎಲೆಗಳಿಂದ ಕಣ್ಣೆತ್ತದೆ.

“ಹೋಗ್ಲಿ ಬಿಡೇ,” ಎಂದ ಎಲಾದಿಯೊ.

“ಕಲ್ಲಿಗೂ ಒಂದು ಕಾಫಿ ಕೊಡಿಸಬಹುದಲ್ಲ,” ಎಂದ ಫೆರ್ಮಿನ್.

“ತಣ್ಣಗಿರೋದು ಕೊಡಿಸ್ತೀನಿ. ನಮ್ಮಮ್ಮನ ಮನೇಲಿ ಹಾಗೇ ಕುಡೀತಿದ್ರು.”

ಅವನು ಕೋಟಿನ ಗುಂಡಿಯನ್ನು ತಿರುಗಿಸುತ್ತ ಕೂತ. ಮುಂದಿನ ಗುರುವಾರ ಮತ್ತೆ ಬಂದ.

ಹೀಗೆ ವರ್ಷಗಳು ಕಳೆದವು. ವಿಸಿತಾಳ ತಾಯಿ ತೀರಿಕೊಂಡರು. ಶವಸಂಸ್ಕಾರದ ದಿನ ಅವನು ಚರ್ಚಿನ ಕೊನೆಯ ಸಾಲಿನಲ್ಲಿ ನಿಂತಿದ್ದು, ಯಾರನ್ನೂ ಮಾತನಾಡಿಸದೆ ಹೋದ. ಆಮೇಲೆ ಅವನೇ ಸೊರಗತೊಡಗಿದ. ಕಾಯಿಲೆಯ ಹೆಸರನ್ನು ಅವನೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಕತ್ತಿನ ಸುತ್ತ ಅಂಗಿ ದೊಡ್ಡದಾಗುತ್ತ ಹೋದದ್ದು ಮಾತ್ರ ಎಲ್ಲರ ಕಣ್ಣಿಗೂ ಬಿತ್ತು. ಆ ಹೇಮಂತದಲ್ಲಿ ಎಲಾದಿಯೊನ ಭಾವಮೈದುನ ಮಂಡಿಯ ಶಸ್ತ್ರಚಿಕಿತ್ಸೆಗೆಂದು ಆಸ್ಪತ್ರೆ ಸೇರಿದ. ಮೂವರೇ ಕೂತಿದ್ದೆವು. ವಿಸಿತಾ ಎಲೆ ಕಲಸುತ್ತ ಕಲಸುತ್ತ ನಿಲ್ಲಿಸಿದಳು.

“ಆ ಕೋಟನ್ನ ಗೂಟಕ್ಕೆ ಹಾಕು, ಫೆರ್ಮಿನ್. ಅದನ್ನ ತಬ್ಕೊಂಡು ಹೆಂಗಾಡ್ತೀಯ?”

ಅವನು ಎದ್ದ. ಗೂಟ ಎಲ್ಲಿದೆಯೆಂದು ತಿಳಿಯದವನಂತೆ ಸುತ್ತ ನೋಡಿ, ಕೋಟನ್ನು ತಗುಲಿಹಾಕಿ, ನನ್ನೆದುರು ಬಂದು ಕೂತ.

ಗಿನ್ಯೋತೆಯಲ್ಲಿ ತುರುಪಿನ ರಾಜ, ಗುಲಾಮ ಎರಡೂ ಒಬ್ಬನಿಗೇ ಬಂದರೆ, ಒಂದು ಸುತ್ತು ಗೆದ್ದ ಕೂಡಲೇ ‘ನಲವತ್ತು’ ಎಂದು ಕೂಗಬೇಕು. ಅಷ್ಟು ಅಂಕ ಬಂದರೆ ಎಷ್ಟೋ ಸಲ ಆಟ ಅಲ್ಲಿಗೇ ಮುಗಿಯುತ್ತದೆ. ಫೆರ್ಮಿನ್ ಸುತ್ತಿನ ಮೇಲೆ ಸುತ್ತು ಗೆದ್ದರೂ ಸುಮ್ಮನಿದ್ದ. ಕೊನೆಗೆ ಅವನ ಕೈಯಿಂದ ತುರುಪಿನ ರಾಜ ಬಿದ್ದ, ಹಿಂದೆಯೇ ಗುಲಾಮ. ಸ್ವಲ್ಪದರಲ್ಲಿ ನಾವು ಸೋತೆವು.

ವಿಸಿತಾ ಕನ್ನಡಕವನ್ನು ಹಣೆಗೇರಿಸಿ ಅವೆರಡು ಎಲೆಗಳನ್ನೂ ದಿಟ್ಟಿಸಿದಳು. “ಎರಡೂ ನಿನ್ ಹತ್ರಾನೇ ಇತ್ತಲ್ಲೋ. ಯಾಕೋ ಬಾಯಿಬಿಡ್ಲಿಲ್ಲ? ಇಡೀ ದೇಶದ ಲೆಕ್ಕ ಮಾಡ್ದೋನು, ಆಡೋದೇ ಮರೆತ್ಯಾ?”

“ಕೂಗಿದ್ರೆ ಆಟ ಮುಗೀತಿತ್ತು, ವಿಸಿ,” ಎಂದ ಅವನು.

ಅವಳು ಕನ್ನಡಕವನ್ನು ಮತ್ತೆ ಮೂಗಿಗಿಳಿಸಿದಳು. ಎಲೆಗಳನ್ನು ಬಾಚಿಕೊಂಡು ಮತ್ತೆ ಕಲಸಿ, ಮೊದಲು ಅವನಿಗೇ ಹಂಚಿದಳು.

ಭಾವಮೈದುನನ ಮಂಡಿ ಗುಣವಾಗುವ ಮೊದಲೇ ಫೆರ್ಮಿನ್ ಹೋದ. ಟೊರ‍್ರೆರೊ ಸ್ಮಶಾನಕ್ಕೆ ಪಕ್ಷದಿಂದ, ಕಂಪನಿಯಿಂದ, ವಿಶ್ವವಿದ್ಯಾನಿಲಯದಿಂದ ಹೂವಿನ ಚಕ್ರಗಳು ಬಂದವು. ರಿಬ್ಬನ್ನುಗಳ ಮೇಲೆ ಅವನ ಪದವಿಗಳಿದ್ದವು. ಹೂ ಕಳಿಸಿದವರ ಕಾರುಗಳು ಬೇಗನೆ ಹೊರಟುಹೋದವು. ಗಾಳಿಗೆ ಚಕ್ರಗಳು ಉರುಳದಂತೆ ವಿಸಿತಾ ಅವನ್ನು ಒಂದಕ್ಕೊಂದು ಆನಿಸಿ ನಿಲ್ಲಿಸುತ್ತಿದ್ದಳು.

ಕೆಲವರಿಗೆ ಜಗತ್ತಿನ ದೊಡ್ಡ ಬಾಗಿಲುಗಳು ಒಂದಾದ ಮೇಲೊಂದು ತೆರೆಯುತ್ತ ಹೋಗುತ್ತವೆ, ನಾವು ಹೊರಗೆ ನಿಂತು ಕರುಬುತ್ತೇವೆ. ಒಳಹೊಕ್ಕವರಿಗೆ ಕುರ್ಚಿ ಸಿಗುತ್ತದೆ, ಬಿರುದು ಸಿಗುತ್ತದೆ. ಕೋಟು ಬಿಚ್ಚಿಡು ಎಂದು ಗದರುವವರು ಸಿಗುವುದಿಲ್ಲ. ಅಂಥವರು ಬಾಳಿನುದ್ದಕ್ಕೂ ಹೊರಡಲು ಸಿದ್ಧರಾದವರಂತೆ ಕಾಣುತ್ತಾರೆ. ಉಳಿದುಕೋ ಎಂದು ಯಾರಾದರೂ ಹೇಳಲಿ ಎಂದು ಅವರು ಕಾಯುತ್ತಿರುತ್ತಾರೆ.