ಬಾನೆಟ್ಟಿನೊಳಗಿನ ಚೀಟಿ

ಮೇಸ್ತ್ರಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿದ್ದ ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಂತಿದ್ದ. ನಲವತ್ತು ವರ್ಷ ಗ್ಯಾರೇಜಿನ ಸದ್ದಿನಲ್ಲಿ ಬಾಳಿ ಅವನ ಕಿವಿ ಅರ್ಧ ಮಂದವಾಗಿತ್ತು. ಹೆಂಡತಿ ಕೂಗಿದ್ದು ಕೇಳಿಸುವುದಿಲ್ಲ, ಬೇರಿಂಗು ಪಿಸುಗುಟ್ಟಿದ್ದು ಕೇಳಿಸುತ್ತದೆ ಎಂದು ತಾನೇ ಹೇಳಿಕೊಂಡು ನಗುವವನು ಈಗ ನಗಲಿಲ್ಲ.

"ಆಫ್ ಮಾಡಿ, ಯಜಮಾನ್ರೇ."

ಸ್ಟಿಯರಿಂಗ್ ಹಿಂದೆ ಕುಳಿತಿದ್ದ ಮುದುಕರು ಕೀಲಿ ತಿರುಗಿಸಿ ಇಳಿದು ಬಂದರು. ಬಾನೆಟ್ಟನ್ನು ಎತ್ತಿ ನಿಲ್ಲಿಸುವ ಸರಳು ಎಂದೋ ಮುರಿದುಹೋಗಿತ್ತು. ಮೇಸ್ತ್ರಿ ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡಿದ್ದ. ಮುದುಕರು ಆ ಭಾರವನ್ನು ತಮ್ಮ ಕೈಗೆ ತೆಗೆದುಕೊಂಡರು.

"ವಾಟರ್ ಪಂಪು ಕೊರಗ್ತಾ ಇದೆ. ಇಲ್ಲಿ ನೋಡಿ, ಹಸಿರು ಕಲೆ. ನೀರು ಒಸರಿ ಒಣಗಿದ್ದು. ಪಂಪನ್ನ ತಿರುಗಿಸೋದು ಟೈಮಿಂಗ್ ಬೆಲ್ಟು. ನಾಳೆ ಪಂಪು ಕಚ್ಚಿ ನಿಂತ್ರೆ ಬೆಲ್ಟಿನ ಹಲ್ಲು ಉದುರುತ್ತೆ. ಆಮೇಲೆ ಒಳಗಿರೋ ವಾಲ್ವು, ಪಿಸ್ಟನ್ನು ಒಂದಕ್ಕೊಂದು ಹೊಡ್ಕೊಂಡು ಸಾಯ್ತವೆ. ಎರಡನ್ನೂ ಇವತ್ತೇ ಬದಲಾಯಿಸಿಬಿಡೋಣ. ಸಂಜೆಗೆ ಗಾಡಿ ಕೊಡ್ತೀನಿ."

"ಇನ್ನೂ ಇಪ್ಪತ್ತಾರು ಸಾವಿರ ಕಿಲೋಮೀಟರ್ ಇದೆಯಲ್ಲ" ಎಂದರು ಮುದುಕರು.

ಅವರ ಕಣ್ಣು ಬಾನೆಟ್ಟಿನ ಒಳಮೈಗೆ ಅಂಟಿಸಿದ್ದ ಚೀಟಿಯ ಮೇಲಿತ್ತು. ಬೆಲ್ಟು ಹಾಕಿದವರು ತಮ್ಮ ಕೈಯಿಂದಲೇ ಹೀಗೆ ಚೀಟಿ ಬರೆದು ಅಂಟಿಸುವುದು ಈ ಗ್ಯಾರೇಜಿನ ರೂಢಿ. ಇದರಲ್ಲಿ ದುಂಡನೆಯ ಅಕ್ಷರಗಳಲ್ಲಿ, 'ಬೆಲ್ಟು ಹೊಸದು. ಪಂಪು ಹಳೆಯದೇ, ಚೆನ್ನಾಗಿದೆ. ಮುಂದಿನ ಬದಲಾವಣೆ ಒಂದು ಲಕ್ಷ ಇಪ್ಪತ್ತು ಸಾವಿರಕ್ಕೆ' ಎಂದಿತ್ತು. ಅದರ ಕೆಳಗೆ ಹೆಬ್ಬೆರಳಿನ ಅಗಲಕ್ಕೆ ಕಪ್ಪು ಜಿಡ್ಡು ಕೂತಿತ್ತು. ಬರೆದವನು ಅವರ ಮಗ. ಇದೇ ಗ್ಯಾರೇಜಿನಲ್ಲಿ ಮೇಸ್ತ್ರಿಯ ಕೈಕೆಳಗೆ ಕೆಲಸ ಕಲಿತವನು. ಚೀಟಿ ಅಂಟಿಸಿದ ಮೂರು ತಿಂಗಳಿಗೆ, ಎದೆ ಹಿಡಿದಂತಾಗುತ್ತದೆ ಎಂದು ಮಧ್ಯಾಹ್ನ ಮಲಗಿದವನು ಏಳಲಿಲ್ಲ. ಅದಾಗಿ ಆರು ವರ್ಷ.

"ಬೆಲ್ಟು ರಬ್ಬರು, ಯಜಮಾನ್ರೇ. ಓಡಿದ್ರೂ ಸವೆಯುತ್ತೆ, ಸುಮ್ನೆ ನಿಂತ್ರೂ ಸವೆಯುತ್ತೆ. ನಮ್ಮ ಹಾಗೇ. ಕಿಲೋಮೀಟರ್ ಒಂದೇ ಅಲ್ಲ, ವರ್ಷಾನೂ ಎಣಿಸಬೇಕು."

"ಅವನು ಬರೆದಿದ್ದಾನಲ್ಲ."

"ಅವನಿಗೆ ಬರೆಯೋದು ಕಲಿಸಿದ್ದು ಯಾರು?"

ಮುದುಕರು ಚೀಟಿಯನ್ನು ಮತ್ತೆ ಓದಿದರು. ಮೂವತ್ತೆರಡು ವರ್ಷ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದಿದವರು ಅವರು. ಕಾಗದದ ಮೇಲಿರುವುದೇ ಸತ್ಯ ಎಂದು ಬದುಕಿದವರು.

"ಹೊಸ ಬೆಲ್ಟು ಹಾಕಿದ್ರೆ ಈ ಚೀಟಿ?" ಎಂದು ಕೇಳಿದರು.

"ಹರಿದು ಬೇರೆ ಅಂಟಿಸ್ತೀನಿ. ಎರಡು ಲೆಕ್ಕ ಇದ್ರೆ ನೋಡಿದವನು ತಪ್ಪು ತಿಳೀತಾನೆ."

"ಅದನ್ನ ಹಾಗೇ ಬಿಟ್ಟು, ಪಕ್ಕದಲ್ಲಿ..."

"ಆಗಲ್ಲ. ಹಳೇ ಚೀಟಿ ನಂಬಿ ಒಬ್ಬ ಬೆಟ್ಟದ ದಾರೀಲಿ ನಿಂತುಬಿಟ್ಟಿದ್ದ. ಅವತ್ತಿಂದ ನನ್ನ ಗ್ಯಾರೇಜಲ್ಲಿ ಒಂದು ಗಾಡಿಗೆ ಒಂದೇ ಚೀಟಿ. ನಿಮ್ಮ ಮಗನೂ ಎಷ್ಟೋ ಹರಿದಿದ್ದಾನೆ."

ಸುಲಿದು ತೆಗೆದು ಕೊಡು ಎನ್ನಲೂ ಆಗುವಂತಿರಲಿಲ್ಲ. ಕಾವಿಗೆ ಕಾಗದ ಬೆಂದು ತಗಡಿಗೆ ಕಚ್ಚಿಕೊಂಡಿತ್ತು; ಉಗುರು ಹಾಕಿದರೆ ಪುಡಿಯಾಗುತ್ತಿತ್ತು. ಅದು ಅವರಿಗೆ ಗೊತ್ತಿತ್ತು. ಒಂದು ಮೂಲೆಯನ್ನು ಅವರು ಆಗಲೇ ಹಾಗೆ ಕಳೆದುಕೊಂಡಿದ್ದರು.

"ನಾಳೆ ತರ್ತೀನಿ" ಎಂದು ಬಾನೆಟ್ಟು ಮುಚ್ಚಿದರು.

ಮನೆಗೆ ಹೋಗಲಿಲ್ಲ. ಪ್ರಾರ್ಥನೆಗೆಂದು ದಿನಾ ಹೋಗುವ ಕಡೆ ಕಾರು ನಿಲ್ಲಿಸಿ, ಒಳಗೆ ಕಂಬಕ್ಕೆ ಒರಗಿ ಸಂಜೆಯವರೆಗೆ ಕುಳಿತರು. ಬೆಲ್ಟು ಹಾಕಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ಬಾಯಿಗೆ ದೇವರ ಹೆಸರು ಬಂತು; ಮುಂದಿನದು ಬರಲಿಲ್ಲ.

ಅವರು ಮನೆಗೆ ಬಂದಾಗ ಸೊಸೆ ಅಡುಗೆಮನೆಯ ಮೇಜಿನ ಮೇಲೆ ನಾಳೆಯ ಸೂಜಿ, ಹತ್ತಿ, ಮುಚ್ಚಳ ಹಾಕಿದ ಸಣ್ಣ ಕೊಳವೆಗಳನ್ನು ಜೋಡಿಸುತ್ತಿದ್ದಳು. ಒಂದು ರಕ್ತಪರೀಕ್ಷೆಯ ಪ್ರಯೋಗಾಲಯಕ್ಕೆ ಬೆಳಗಿನ ಹೊತ್ತು ಮನೆಮನೆಗೆ ಹೋಗಿ ರಕ್ತ ತೆಗೆದು ತರುವುದು ಅವಳ ಕೆಲಸ. ಸ್ವಂತ ವಾಹನ ಇರಬೇಕು, ಒಂಬತ್ತರೊಳಗೆ ಪೆಟ್ಟಿಗೆ ತಲುಪಬೇಕು. ಕೆಲಸಕ್ಕೆ ಸೇರಿಸಿಕೊಳ್ಳುವಾಗ ಅಲ್ಲಿಯವರು ಹೇಳಿದ್ದು ಇವೆರಡೇ ಮಾತು. ಎರಡು ವಾರದಿಂದ ಎಂಜಿನ್ನಿನಲ್ಲಿ ಕೊರಗುವ ಸದ್ದು ಕೇಳಿ ಕಾರನ್ನು ತೋರಿಸಲು ಹೇಳಿದ್ದವಳೂ ಅವಳೇ.

"ಏನಂದ್ರು ಮಾವ, ಮೇಸ್ತ್ರಿ?"

"ಬೆಲ್ಟು, ಪಂಪು ಎರಡೂ ಬದಲಾಯಿಸಬೇಕಂತೆ."

"ಬದಲಾಯಿಸಿದ್ರಾ?"

"ಹ್ಞೂಂ."

"ಸದ್ಯ. ಇಡೀ ದಿನ ಅಲ್ಲೇ ಕೂತಿದ್ರಾ? ಊಟ? ಮೇಸ್ತ್ರಿ ಡಬ್ಬಿಗೆ ಕೈ ಹಾಕಿರ್ತೀರಿ" ಎಂದು ನಕ್ಕಳು. ಅವರು ಕೈ ತೊಳೆಯಲು ಹಿತ್ತಿಲಿಗೆ ಹೋದರು. ಕೈಯಲ್ಲಿ ತೊಳೆಯುವಂಥದ್ದೇನೂ ಇರಲಿಲ್ಲ.

ಮರುದಿನ ಬೆಳಗ್ಗೆ ಎಂದಿನಂತೆ ಅವಳಿಗಿಂತ ಮೊದಲೆದ್ದು ಕಾರಿನ ಆಯಿಲು ನೋಡಿದರು. ಅಳತೆಕಡ್ಡಿ ಒರೆಸಿ ಒಳಗಿಟ್ಟು, ಹೆಬ್ಬೆರಳನ್ನು ಚೀಟಿಯ ಕೆಳಗಿನ ಸಾಲಿಗೆ ಒತ್ತಿ, ಕಣ್ಣಿಗೆ ಒತ್ತಿಕೊಂಡರು. ಆರು ವರ್ಷದಿಂದ ಅದು ನಡೆದುಬಂದಿತ್ತು. ಸದ್ದು ಹೋಗಿಲ್ಲವಲ್ಲ ಎಂದು ಆ ವಾರ ಸೊಸೆ ಒಮ್ಮೆ ಕೇಳಿದಳು. ಹೊಸ ಪಂಪು, ಪಳಗಬೇಕು ಎಂದರು. ಒಂದು ಸುಳ್ಳಿನ ಹಿಂದೆ ಇನ್ನೊಂದು ತಾನಾಗಿ ಬಂದು ನಿಂತಿತು.

ಹನ್ನೊಂದನೆಯ ದಿನ ಎಂಟೂಕಾಲಕ್ಕೆ, ಸೇತುವೆ ಇಳಿಯುವಲ್ಲಿ, ಕಾರು ಒಮ್ಮೆ ಕಿರುಚಿ ಸುಮ್ಮನಾಯಿತು. ಹಿಂದಿನ ಸೀಟಿನ ಪೆಟ್ಟಿಗೆಯಲ್ಲಿ ಹದಿನೇಳು ಜನರ ರಕ್ತವಿತ್ತು. ಅದರಲ್ಲಿ ಒಂದು ಹಸುಗೂಸಿನದು. ಮೂರು ಕಡೆ ಚುಚ್ಚಿದ ಮೇಲೆ, ತಾಯಿ ಮುಖ ತಿರುಗಿಸಿ ಅಳುತ್ತಿರುವಾಗ ಸಿಕ್ಕಿದ್ದು. ಸೊಸೆ ರಸ್ತೆಯಂಚಿನಲ್ಲಿ ನಿಂತು ಸಿಕ್ಕಿದ ಗಾಡಿಗೆಲ್ಲ ಕೈ ಮಾಡಿದಳು. ಪೆಟ್ಟಿಗೆ ಪ್ರಯೋಗಾಲಯ ಸೇರಿದಾಗ ಹನ್ನೊಂದಾಗಿತ್ತು. ಒಳಗಿನ ಮಂಜುಗಡ್ಡೆ ನೀರಾಗಿತ್ತು. ಹದಿನೇಳು ಮನೆಗೂ ಮತ್ತೆ ಸೂಜಿ ಹೋಗಬೇಕಾಯಿತು, ಬೇರೆಯವರ ಕೈಯಲ್ಲಿ. ಗಾಡಿ ಸರಿಯಾದ ಮೇಲೆ ಬಾಮ್ಮ, ಆಗ ನೋಡೋಣ ಎಂದು ಅಲ್ಲಿಯ ಮೇಲ್ವಿಚಾರಕ ಅವಳ ಹೆಸರಿನ ಬಿಲ್ಲೆ ತೆಗೆದಿಟ್ಟುಕೊಂಡ.

ಕಾರನ್ನು ಹಗ್ಗ ಕಟ್ಟಿ ಗ್ಯಾರೇಜಿಗೆ ಎಳೆದು ತಂದರು. ಮಧ್ಯಾಹ್ನದ ಹೊತ್ತಿಗೆ ಮೇಸ್ತ್ರಿ ಎಲ್ಲ ಬಿಚ್ಚಿದ್ದ. ಬೆಲ್ಟು ಎರಡು ಗೇಣು ಉದ್ದಕ್ಕೆ ಹಲ್ಲಿಲ್ಲದ ವಸಡಿನಂತಾಗಿತ್ತು. ಪಂಪಿನ ಚಕ್ರ ಎಷ್ಟು ತಿರುಚಿದರೂ ಅಲುಗಲಿಲ್ಲ.

"ವಾಲ್ವುಗಳೆಲ್ಲ ಬಾಗಿವೆ. ಎರಡು ಪಿಸ್ಟನ್ ಒಡೆದಿದೆ. ಮಾಡಬಹುದು, ಆದ್ರೆ ಮೂಗಿಗಿಂತ ಮೂಗುತಿ ಭಾರ. ಈ ಗಾಡಿ ಆಯ್ತು, ತಾಯಿ."

"ಹನ್ನೊಂದು ದಿನಕ್ಕೇ?" ಸೊಸೆಯ ದನಿ ಏರಲಿಲ್ಲ. "ನೀವೇ ಹಾಕಿದ್ದಲ್ವಾ, ಮೇಸ್ತ್ರಿ? ಹೊಸ ಬೆಲ್ಟು, ಹೊಸ ಪಂಪು. ನಮ್ಮವರ ಗುರು ಅಂತ ನಂಬಿದ್ದೆ ನಿಮ್ಮನ್ನ."

ಮೇಸ್ತ್ರಿಗೆ ಕೇಳಿಸಿತೋ ಇಲ್ಲವೋ. ಬಾನೆಟ್ಟು ಎತ್ತಿ ಹಿಡಿದು ನಿಂತಿದ್ದ ಮುದುಕರ ಮುಖವನ್ನು ಅವನು ಒಮ್ಮೆ ನೋಡಿದ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ತೆಗೆದುಕೊಂಡು, ಚೀಟಿಯ ಕೆಳಗಿನ ಜಿಡ್ಡನ್ನು ಮೆಲ್ಲಗೆ ಒರೆಸತೊಡಗಿದ.

ಅಕ್ಷರ ಇನ್ನೂ ಮೂಡಿರಲಿಲ್ಲ.

"ಅಥವಾ ಐದು ವರ್ಷಕ್ಕೆ" ಎಂದರು ಮುದುಕರು. "ಯಾವುದು ಮೊದಲೋ ಅದು. ಆಗ ಪಂಪನ್ನೂ ಬದಲಾಯಿಸುವುದು."

ಬಟ್ಟೆ ನಿಂತಿತು. ಜಿಡ್ಡಿನ ಅಡಿಯಿಂದ ಅದೇ ಮಾತುಗಳು, ಅದೇ ದುಂಡು ಅಕ್ಷರಗಳಲ್ಲಿ ಒಂದೊಂದಾಗಿ ಕಾಣಿಸಿಕೊಂಡವು. ಸೊಸೆ ಹತ್ತಿರ ಬಂದು ಓದಿದಳು. ಗಂಡನ ಅಕ್ಷರವನ್ನು ಅವಳೂ ಬಹಳ ದಿನದ ಮೇಲೆ ಓದುತ್ತಿದ್ದಳು. ಓದಿ ಮುಗಿಸಿ, ತಗಡಿನ ಮೇಲೆ ಒತ್ತಿದ್ದ ಮಾವನ ಹೆಬ್ಬೆರಳನ್ನು ನೋಡಿದಳು.

"ನಿಮಗೆ ಗೊತ್ತಿತ್ತು" ಎಂದಳು.

ಅವರು ಹೌದೆಂದು ತಲೆಯಾಡಿಸಿದರು.

ಅವಳು ಹಿಂದಿನ ಬಾಗಿಲು ತೆಗೆದು, ಸೀಟಿನ ಕೆಳಗಿದ್ದ ತನ್ನ ಚಪ್ಪಲಿ, ಛತ್ರಿ, ಕೊಳವೆ ಜೋಡಿಸುವ ಖಾಲಿ ಸ್ಟ್ಯಾಂಡು ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡಳು. ಬರ್ತೀರಾ ಎಂದು ಕೇಳಲಿಲ್ಲ. ಬಸ್ಸು ನಿಲ್ಲುವ ಕಡೆಗೆ ನಡೆದುಹೋದಳು.

ಮೇಸ್ತ್ರಿ ಅಭ್ಯಾಸಬಲದಿಂದ ಚೀಟಿಯ ಅಂಚಿಗೆ ಉಗುರು ಹಾಕಿದವನು ಕೈ ಹಿಂದೆ ತೆಗೆದ. ಹೊಸ ಬೆಲ್ಟು ಇಲ್ಲದ ಮೇಲೆ ಹರಿಯುವ ಕೆಲಸವೂ ಇರಲಿಲ್ಲ.

"ಇರಲಿ ಬಿಡಿ ಅದು" ಎಂದ. "ಮುಚ್ಚಿಬಿಡಿ, ಯಜಮಾನ್ರೇ. ಕೈ ನೋಯುತ್ತೆ."

ಮುದುಕರು ಇನ್ನೊಂದು ಕೈಯನ್ನೂ ಆಸರೆಗೆ ಕೊಟ್ಟು, ಬಾನೆಟ್ಟನ್ನು ಎತ್ತಿ ಹಿಡಿದುಕೊಂಡೇ ನಿಂತರು.